ಜಾಡಿಗಳ ಮೇಲೆ ಹಾಲಿನ ಹನಿ

“ಕೈ ತೋರಿಸು.”

ಇಸುಲ್ ಎರಡೂ ಕೈ ಚಾಚಿದಳು. ಅಜ್ಜಿ ಬಗ್ಗಿ ಮೂಸಿದಳು. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಜ್ಜಿಯ ಅನುಮಾನ ಇನ್ನೂ ಹೆಚ್ಚಾಯಿತು.

“ಬೆಳಬೆಳಗ್ಗೇನೆ ಸೋಪ್ ಹಾಕಿ ಕೈ ತೊಳೆಯೋ ಹುಡುಗಿ ಯಾವತ್ತಿಂದ ಆದೆ ನೀನು?”

“ಅಜ್ಜೀ! ತೊಳೀದಿದ್ರೂ ಬೈತೀಯ, ತೊಳೆದ್ರೂ ಬೈತೀಯ!”

ಇಬ್ಬರೂ ತಾರಸಿಯ ಮೇಲೆ ನಿಂತಿದ್ದರು. ಎದುರಿಗೆ ಒಂಬತ್ತು ಮಣ್ಣಿನ ಜಾಡಿಗಳು. ದೊಡ್ಡವು ಹಿಂದೆ, ಚಿಕ್ಕವು ಮುಂದೆ, ಕ್ಲಾಸ್ ಫೋಟೊಗೆ ನಿಂತ ಹಾಗೆ. ಹತ್ತು ದಿನಗಳಿಂದ ಚೊಂಗ್ಜು ಊರಿನ ಮೇಲೆಲ್ಲ ಹಳದಿ ಧೂಳು ಬೀಸುತ್ತಿತ್ತು. ಜಾಡಿಗಳ ಮುಚ್ಚಳದ ಮೇಲೂ ಅದು ತೆಳ್ಳಗೆ ಕೂತಿತ್ತು. ಆ ಧೂಳಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ.

ಅಜ್ಜಿ ಒಂದು ಚುಕ್ಕೆಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿದಳು.

“ಹಾಲು. ಮೊನ್ನೆ ಒರೆಸಿದೆ, ನಿನ್ನೆ ಒರೆಸಿದೆ, ಇವತ್ತು ಮತ್ತೆ. ಈ ಮನೇಲಿ ಹಾಲು ಕಂಡ್ರೆ ಓಡೋರು ಯಾರು?”

ಇಸುಲ್ ತಲೆ ತಗ್ಗಿಸಿದಳು. ಸ್ಕೂಲಿನಲ್ಲಿ ದಿನಾ ಒಬ್ಬೊಬ್ಬರಿಗೆ ಒಂದು ಪೊಟ್ಟಣ ಹಾಲು ಕೊಡುತ್ತಾರೆ. ಅವಳಿಗೆ ಅದನ್ನು ಕಂಡರಾಗದು. ಹೋದ ಚಳಿಗಾಲದಲ್ಲಿ ನಾಲ್ಕು ಪೊಟ್ಟಣಗಳನ್ನು ಬೀರುವಿನಲ್ಲಿ ಸ್ವೆಟರ್‌ಗಳ ಹಿಂದೆ ಅಡಗಿಸಿಟ್ಟಿದ್ದಳು. ಅವು ಉಬ್ಬಿ ಉಬ್ಬಿ, ಒಂದು ಒಡೆದೇ ಹೋಗಿತ್ತು. ಆ ವಾಸನೆಯನ್ನು ಮನೆಯಲ್ಲಿ ಯಾರೂ ಮರೆತಿರಲಿಲ್ಲ.

“ಅದು ಆವಾಗ, ಅಜ್ಜಿ. ಈಗ ಸ್ಕೂಲಲ್ಲೇ ಕುಡೀತೀನಿ. ಟೀಚರ್ ಎದುರಿಗೆ, ಮೂಗು ಹಿಡ್ಕೊಂಡು.”

“ಹಾಗಾದ್ರೆ ಇದು ಆಕಾಶದಿಂದ ಬಿತ್ತಾ?”

ಇಸುಲ್ ತಲೆಯೆತ್ತಿ ಆಕಾಶ ನೋಡಿದಳು.

“ಭಾನುವಾರ ಈ ಸಲ ನಿನ್ನನ್ನೂ ಕೈ ಹಾಕೋಕೆ ಬಿಡ್ತೀನಿ ಅಂದಿದ್ದೆ ಅಲ್ವಾ? ಬೇಡ. ಹಾಲಿನ ಕೈ ನನ್ನ ಜಾಡಿಗೆ ಬೇಡ.”

ಚಳಿ ಮುಗಿಯುವ ಹೊತ್ತಿಗೆ ಅಜ್ಜಿ ಸೋಯಾ ಕಾಳಿನ ಉಂಡೆಗಳನ್ನು ಎಲ್ಲಕ್ಕಿಂತ ದೊಡ್ಡ ಜಾಡಿಯಲ್ಲಿ ಉಪ್ಪುನೀರಿಗೆ ಹಾಕಿ, ಮುಚ್ಚಳಕ್ಕೆ ಹುಲ್ಲಿನ ಹಗ್ಗ ಕಟ್ಟಿದ್ದಳು. ಭಾನುವಾರ ಆ ಉಂಡೆಗಳನ್ನು ಹೊರಗೆ ತೆಗೆದು, ಕೈಯಿಂದ ಹಿಸುಕಿ ಜಾಂಗ್ ಎಂಬ ಸೋಯಾ ಗೊಜ್ಜು ಮಾಡುವುದು. ವರ್ಷವಿಡೀ ಮನೆಯ ಸಾರಿಗೆಲ್ಲ ಅದೇ ರುಚಿ. ಇಸುಲ್‌ಳ ಅಮ್ಮನಿಗೆ ಮೊದಲ ಸಲ ಕೈ ಹಾಕಲು ಸಿಕ್ಕಿದ್ದು ಹತ್ತು ವರ್ಷವಾದಾಗ. ಇಸುಲ್‌ಗೆ ಈಗ ಹತ್ತು.

“ನಾನಲ್ಲ ಅಂತ ತೋರಿಸಿದ್ರೆ?”

“ತೋರಿಸು, ನೋಡೋಣ,” ಎಂದು ಅಜ್ಜಿ ಒದ್ದೆ ಬಟ್ಟೆಯಿಂದ ಮುಚ್ಚಳವನ್ನು ಗಸಗಸ ಉಜ್ಜತೊಡಗಿದಳು.

ಸ್ಕೂಲಿನಲ್ಲಿ ಹಾಲಿನ ಹೊತ್ತಿಗೆ ಇಸುಲ್ ಎಲ್ಲವನ್ನೂ ಬೋಮಿಗೆ ಹೇಳಿದಳು. ಬೋಮಿ ಅವಳ ಪಕ್ಕದ ಸೀಟಿನವಳು. ಡಿಟೆಕ್ಟಿವ್ ಆಗುತ್ತೇನೆಂದು ಮೂರನೇ ಕ್ಲಾಸಿನಿಂದಲೂ ಹೇಳುತ್ತಿದ್ದಳು.

“ಮನೇಲಿ ಯಾರ್ಯಾರಿದ್ದಾರೆ, ಬರಿ,” ಎಂದಳು ಬೋಮಿ.

ಇಸುಲ್ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದಳು. ಅಪ್ಪ, ಬೆಳಗ್ಗೆ ಐದಕ್ಕೇ ಫ್ಯಾಕ್ಟರಿಗೆ ಹೋಗುತ್ತಾರೆ. ಅಮ್ಮ, ಈ ವಾರ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ. ಇನ್ನು ಮೇಲಿನ ಎರಡು ರೂಮುಗಳನ್ನು ಅಜ್ಜಿ ಯೂನಿವರ್ಸಿಟಿಯ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದಳು. ಒಂದರಲ್ಲಿ ಪರೀಕ್ಷೆ ಅಕ್ಕ. ಸರ್ಕಾರಿ ಪರೀಕ್ಷೆಗೆ ಓದುತ್ತಾ ಓದುತ್ತಾ ಅವಳ ಹೆಸರೇ ಹಾಗಾಗಿತ್ತು. ಇನ್ನೊಂದರಲ್ಲಿ ನಾಮೂನ್ ಅಕ್ಕ. ಮಾರ್ಚ್ ತಿಂಗಳಲ್ಲಷ್ಟೇ ಮಂಗೋಲಿಯಾದಿಂದ ಬಂದವಳು, ಇನ್ನೂ ಇಲ್ಲಿನ ಮಾತು ಕಲಿಯುತ್ತಿದ್ದಳು.

“ಮಂಗೋಲಿಯಾ?” ಬೋಮಿ ಸ್ಟ್ರಾ ಕಚ್ಚಿದಳು. “ಈ ಹಳದಿ ಧೂಳೂ ಅಲ್ಲಿಂದಲೇ ಬರೋದು. ನ್ಯೂಸಲ್ಲಿ ತೋರಿಸ್ತಾರೆ.”

“ಧೂಳನ್ನ ಅಕ್ಕ ತಂದಿದ್ದಾಳಾ? ಏನೇನೋ ಹೇಳ್ಬೇಡ.”

“ತಂದಿಲ್ಲ. ಆದ್ರೂ...”

ಆ ‘ಆದ್ರೂ’ ಇಸುಲ್‌ಳ ಜೊತೆ ಮನೆಗೆ ಬಂತು.

ಅಂದು ಸಂಜೆಯಿಂದ ಅವಳು ನಾಮೂನ್‌ಳನ್ನು ಗಮನಿಸತೊಡಗಿದಳು. ಗಮನಿಸಿದಷ್ಟೂ ಎಲ್ಲವೂ ವಿಚಿತ್ರವಾಗಿ ಕಂಡಿತು. ನಾಮೂನ್ ಎರಡು ದಿನಕ್ಕೊಂದು ದೊಡ್ಡ ಹಾಲಿನ ಡಬ್ಬ ತರುತ್ತಿದ್ದಳು. ಅದರ ಮೇಲೆ ಸೊಟ್ಟ ಅಕ್ಷರದಲ್ಲಿ ತನ್ನ ಹೆಸರು ಬರೆದು ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಆದರೆ ಅವಳು ಲೋಟ ಹಿಡಿದು ಹಾಲು ಕುಡಿದದ್ದನ್ನು ಯಾರೂ ನೋಡಿರಲಿಲ್ಲ. ಚಹಾಕ್ಕೆ ಉಪ್ಪು ಹಾಕುತ್ತಿದ್ದಳು. ಬೆಳಗ್ಗೆ ಕಬ್ಬಿಣದ ಮೆಟ್ಟಿಲಿಳಿಯುವಾಗ ಶೂ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದಿರುತ್ತಿದ್ದಳು. ಕಳ್ಳರಲ್ಲದೆ ಮತ್ತ್ಯಾರು ಹಾಗೆ ಇಳಿಯುತ್ತಾರೆ?

ಬುಧವಾರ ಅಡುಗೆಮನೆಯಲ್ಲಿ ಇಸುಲ್ ಸುಮ್ಮನೆ ಕೇಳುವವಳ ಹಾಗೆ ಕೇಳಿದಳು.

“ಅಕ್ಕ, ನೀನು ಹಾಲು ಕುಡಿತೀಯಾ?”

“ಹಾಲು?” ನಾಮೂನ್ ಒಲೆಯ ಬಳಿಯಿದ್ದ ಅಜ್ಜಿಯ ಕಡೆ ಒಮ್ಮೆ ನೋಡಿದಳು. “ಹೌದು. ಇಲ್ಲ. ಸ್ವಲ್ಪ.”

ನಕ್ಕು ಆಚೆ ತಿರುಗಿಬಿಟ್ಟಳು.

ಇಸುಲ್ ನೋಟ್‌ಬುಕ್ಕಿನಲ್ಲಿ ಬರೆದಳು: ‘ಹೌದು, ಇಲ್ಲ, ಸ್ವಲ್ಪ. ಮೂರರಲ್ಲಿ ಎರಡಾದರೂ ಸುಳ್ಳು.’

ಗುರುವಾರ ಬೆಳಗ್ಗೆ ಆರಕ್ಕೆ ಮೊದಲೇ ಎದ್ದು, ಬಾಯಿಗೆ ಮಾಸ್ಕ್ ಹಾಕಿಕೊಂಡು, ಅವಳು ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಕೂತಳು. ಆಕಾಶ ಗೋಣಿಚೀಲದ ಬಣ್ಣದಲ್ಲಿತ್ತು. ಕಾಲು ಜೋಮು ಹಿಡಿಯಿತು. ವಾಪಸ್ ಹೋಗೋಣವೇ ಅಂದುಕೊಳ್ಳುವಷ್ಟರಲ್ಲಿ ತಾರಸಿಯ ಬಾಗಿಲು ಮೆಲ್ಲಗೆ ತೆರೆಯಿತು.

ನಾಮೂನ್! ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಮರದ ಚಮಚ. ಅವಳು ಸುತ್ತಲೂ ನೋಡಿದಳು. ಚಮಚವನ್ನು ಬಟ್ಟಲಿನಲ್ಲಿ ಅದ್ದಿ, ಕೈ ಎತ್ತಿ, ಆಕಾಶಕ್ಕೆ ಎಸೆದಳು. ಹಾಲು! ತಿರುಗಿ ನಿಂತು ಇನ್ನೊಂದು ಚಮಚ. ಮತ್ತೆ ತಿರುಗಿ ಇನ್ನೊಂದು. ತುಟಿಗಳು ಏನನ್ನೋ ಪಿಟಿಪಿಟಿ ಹೇಳುತ್ತಿದ್ದವು. ಗಾಳಿಗೆ ಹನಿಗಳು ತೂರಿ ಬಂದು ಜಾಡಿಗಳ ಮೇಲೆ ಬಿದ್ದವು. ಕೊನೆಗೆ ಅವಳು ತಲೆಬಾಗಿ, ಬಂದ ಹಾಗೇ ಸದ್ದಿಲ್ಲದೆ ಹೋದಳು.

ಮಾಟ, ಮಂತ್ರ, ಏನೇನೋ ಇಸುಲ್‌ಳ ತಲೆಯಲ್ಲಿ ಓಡಾಡಿದವು. ಎದ್ದು ದೊಡ್ಡ ಜಾಡಿಯ ಹತ್ತಿರ ಹೋದಳು. ಧೂಳು ನಿಲ್ಲುವವರೆಗೆ ಮುಚ್ಚಳ ಮುಟ್ಟಬಾರದೆಂದು ಅಜ್ಜಿ ಹತ್ತು ಸಲ ಹೇಳಿದ್ದಳು. ಇಸುಲ್ ಹಗ್ಗವನ್ನು ಸರಿಸಿ, ಮುಚ್ಚಳವನ್ನು ಎರಡು ಬೆರಳಿನಷ್ಟು ಎತ್ತಿ ಇಣುಕಿದಳು.

ಕಪ್ಪು ನೀರಿನ ಮೇಲೆ ಬಿಳಿ. ತೆಳ್ಳಗೆ, ಕೆನೆಯ ಹಾಗೆ.

ಅವಳು ತಟ್ಟನೆ ಮುಚ್ಚಳ ಮುಚ್ಚಿದಳು.

ತಿಂಡಿಯ ಹೊತ್ತಿಗೆ ಎಲ್ಲರೂ ಊಟದ ಗಿಡ್ಡ ಮೇಜಿನ ಸುತ್ತ ಕೂತಿದ್ದರು. ಅಜ್ಜಿ, ಪರೀಕ್ಷೆ ಅಕ್ಕ, ನಾಮೂನ್. ಇಸುಲ್‌ಗೆ ಮಾತು ತಡೆಯಲಾಗಲಿಲ್ಲ.

“ಅಜ್ಜಿ, ನಾನಲ್ಲ. ನಾಮೂನ್ ಅಕ್ಕ. ನಾನು ನೋಡ್ದೆ. ತಾರಸಿ ಮೇಲೆ ಹಾಲು ಎಸೀತಿದ್ಲು.”

ಅಜ್ಜಿಯ ಚಾಪ್‌ಸ್ಟಿಕ್ ನಿಂತಿತು.

“ಅಷ್ಟೇ ಅಲ್ಲ. ದೊಡ್ಡ ಜಾಡಿಯೊಳಗೇ ಸುರಿದ್ಲು. ಅದನ್ನೂ ನೋಡ್ದೆ.”

ಕೊನೆಯ ಮಾತು ತಾನಾಗಿಯೇ ಬಂದುಬಿಟ್ಟಿತು. ಸುರಿದದ್ದನ್ನು ಅವಳು ನೋಡಿರಲಿಲ್ಲ. ಆದರೆ ಒಳಗೆ ಬಿಳಿ ಇತ್ತಲ್ಲ? ಬಿಳಿ ಬೇರೆ ಎಲ್ಲಿಂದ ಬರಬೇಕು?

“ಒಳಗೆ?” ಅಜ್ಜಿಯ ದನಿ ಸಣ್ಣದಾಯಿತು. “ನಾಮೂನ್, ಹೌದಾ?”

ನಾಮೂನ್‌ಳ ಮುಖ ಕೆಂಪಾಯಿತು. “ಹಾಲು... ಹೌದು. ಎಸೆದೆ. ಆದ್ರೆ ಒಳಗೆ... ಒಳಗೆ ಅದು... ನಮ್ಮ ಅಮ್ಮ... ಬೆಳಗ್ಗೆ...”

“ಬೇರೆಯವರ ಜಾಡಿಗೆ ಹಾಲು ಸುರಿ ಅಂತ ನಿಮ್ಮಮ್ಮ ಹೇಳಿಕೊಟ್ಟು ಕಳಿಸಿದ್ರಾ?”

“ಅಲ್ಲ ಅಜ್ಜಿ... ಅದು...” ನಾಮೂನ್ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿದಳು, ಅಲ್ಲೇ ಎಲ್ಲೋ ಪದ ತೂಗಾಡುತ್ತಿದೆಯೇನೋ ಎಂಬಂತೆ. ಸಿಗಲಿಲ್ಲ. “ತಪ್ಪು. ಕ್ಷಮಿಸಿ.”

“ನಮ್ಮತ್ತೆ ಕಾಲದಿಂದ ಈ ಮನೆ ಜಾಂಗ್ ಒಂದು ಸಲಾನೂ ಕೆಟ್ಟಿಲ್ಲ, ಗೊತ್ತಾ? ಒಂದು ಸಲಾನೂ!” ಅಜ್ಜಿ ಕಿಟಕಿಯಾಚೆಯ ಧೂಳನ್ನು ನೋಡಿದಳು. “ಈಗ ತೆಗೆದು ನೋಡೋ ಹಾಗೂ ಇಲ್ಲ, ಧೂಳು ಬಿದ್ದು ಉಳಿದದ್ದೂ ಹೋಗ್ತದೆ. ಈ ತಿಂಗಳು ಮುಗಿದ ಮೇಲೆ ನೀನು ಬೇರೆ ರೂಮ್ ನೋಡ್ಕೋ.”

ಪರೀಕ್ಷೆ ಅಕ್ಕ ಸುಮ್ಮನೆ ಕೆಮ್ಮಿದಳು. ನಾಮೂನ್ ಎದ್ದು, ಎಲ್ಲರಿಗೂ ಒಮ್ಮೊಮ್ಮೆ ತಲೆಬಾಗಿ, ಹೊರಗೆ ಹೋದಳು. ಅವಳ ಅನ್ನ ಹಾಗೇ ಇತ್ತು.

ಅಜ್ಜಿ ಮೊಟ್ಟೆಯ ಸುರುಳಿಯ ದೊಡ್ಡ ತುಂಡೊಂದನ್ನು ಇಸುಲ್‌ಳ ಅನ್ನದ ಮೇಲಿಟ್ಟಳು.

“ಭಾನುವಾರ ಉಗುರು ಕತ್ತರಿಸ್ಕೊಂಡು ಬಾ.”

ಇಸುಲ್ ಗೆದ್ದಿದ್ದಳು. ಮೊಟ್ಟೆಯನ್ನು ಬಹಳ ಹೊತ್ತು ಅಗಿಯುತ್ತಲೇ ಇದ್ದಳು.

“ಸೂಪರ್! ಕೇಸ್ ಕ್ಲೋಸ್!” ಎಂದಳು ಸ್ಕೂಲಿನಲ್ಲಿ ಬೋಮಿ. ಆಮೇಲೆ ಸ್ವಲ್ಪ ಯೋಚಿಸಿ, “ಯಾಕೆ ಎಸೀತಿದ್ಲಂತೆ?”

“ಗೊತ್ತಿಲ್ಲ.”

“ಕೇಳ್ಲಿಲ್ವಾ? ಅಯ್ಯೋ, ಅದೇ ಮುಖ್ಯ ಕಣೆ! ಹೋಗ್ಲಿ, ಜಾಡಿಯೊಳಗೆ ಎಷ್ಟು ಸುರಿದ್ಲು? ಒಂದು ಲೋಟ? ಅರ್ಧ?”

ಇಸುಲ್ ತನ್ನ ಹಾಲಿನ ಪೊಟ್ಟಣ ಬಾಯಿಗಿಟ್ಟು, ಮೂಗನ್ನೂ ಹಿಡಿಯದೆ, ಒಂದೇ ಉಸಿರಿಗೆ ಪೂರ್ತಿ ಕುಡಿದಳು. ಬಾಯಲ್ಲಿ ಹಾಲಿದ್ದರೆ ಉತ್ತರ ಹೇಳಬೇಕಾಗಿಲ್ಲ.

ಶುಕ್ರವಾರ ಮುಚ್ಚಳಗಳ ಮೇಲೆ ಬರೀ ಧೂಳಿತ್ತು. ಶನಿವಾರವೂ ಅಷ್ಟೇ. ಫ್ರಿಜ್ಜಿನಲ್ಲಿದ್ದ ಹಾಲು ಇದ್ದಷ್ಟೇ ಇತ್ತು.

ಶನಿವಾರ ಮಧ್ಯಾಹ್ನ ಅಜ್ಜಿ ಒಗೆದ ಟವೆಲ್‌ಗಳನ್ನು ಇಸುಲ್‌ಳ ಕೈಗೆ ಕೊಟ್ಟು ಮೇಲಿನ ರೂಮುಗಳಿಗೆ ಕಳಿಸಿದಳು. ನಾಮೂನ್‌ಳ ಬಾಗಿಲು ಅರೆ ತೆರೆದಿತ್ತು. ಅವಳು ಬೆನ್ನು ಮಾಡಿ ಕೂತು ಫೋನಿನಲ್ಲಿ ಯಾರನ್ನೋ ನೋಡುತ್ತಾ ಮಾತಾಡುತ್ತಿದ್ದಳು.

ಪುಟ್ಟ ಪರದೆಯಲ್ಲಿ ಟೋಪಿ ಹಾಕಿದ ಒಬ್ಬ ಹೆಂಗಸು. ಹಿಂದೆ ಬೋಳು ಗುಡ್ಡ. ಹೆಂಗಸು ಸೌಟು ಎತ್ತಿ ಏನನ್ನೋ ಮೇಲಕ್ಕೆ ಎಸೆದಳು. ಅದೇ ರೀತಿ ಕೈ ಎತ್ತಿ, ಅದೇ ರೀತಿ ತಿರುಗಿ. ಆಮೇಲೆ ಫೋನಿನ ಹತ್ತಿರ ಬಂದು ಏನೋ ಕೇಳಿದಳು.

“ಝಾ, ಝಾ,” ಎಂದು ನಾಮೂನ್ ಜೋರಾಗಿ ತಲೆಯಾಡಿಸಿದಳು. ನಕ್ಕಳು.

ಇಸುಲ್‌ಗೆ ಆ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ. ಆದರೆ ಆ ತಲೆಯಾಡಿಸುವಿಕೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯಿಂದ ಅಮ್ಮ ಫೋನ್ ಮಾಡಿ ‘ಹಾಲು ಕುಡಿದ್ಯಾ ಪುಟ್ಟಿ?’ ಅಂದಾಗ, ಸ್ವೆಟರ್‌ಗಳ ಹಿಂದಿನ ಪೊಟ್ಟಣಗಳನ್ನು ನೆನೆಸಿಕೊಂಡು ಅವಳೂ ಹೀಗೇ ತಲೆಯಾಡಿಸುತ್ತಿದ್ದಳು.

ಫೋನ್ ಆರಿತು. ನಾಮೂನ್‌ಳ ಪಕ್ಕದಲ್ಲಿ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು. ಇಸುಲ್ ಟವೆಲನ್ನು ಬಾಗಿಲ ಬಳಿ ಇಟ್ಟು, ತುದಿಗಾಲಿನಲ್ಲಿ ವಾಪಸ್ ಬಂದಳು.

ಭಾನುವಾರ ಬೆಳಗಿನ ಜಾವದ ಮಳೆಗೆ ಧೂಳೆಲ್ಲ ತೊಳೆದುಹೋಗಿ ಆಕಾಶ ನೀಲಿಯಾಗಿತ್ತು. ಅಜ್ಜಿ ಬಿಳಿ ಏಪ್ರನ್ ಕಟ್ಟಿಕೊಂಡು ದೊಡ್ಡ ಜಾಡಿಯ ಹಗ್ಗ ಬಿಚ್ಚಿದಳು. ಇಸುಲ್ ಉಗುರು ಕತ್ತರಿಸಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಮುಚ್ಚಳ ತೆಗೆದ ಅಜ್ಜಿ ಉಸಿರು ಬಿಗಿಹಿಡಿದು ಒಳಗೆ ನೋಡಿದಳು.

“ಓ! ನೀನಾ?” ಎಂದಳು, ಹಳೆಯ ಪರಿಚಯದವರನ್ನು ಕಂಡ ಹಾಗೆ.

“ಯಾರು, ಅಜ್ಜಿ?”

“ಬೂಷ್ಟು ಕಣೆ. ಬಿಸಿಲು ತಾಗದಿದ್ರೆ ಹೀಗೇ ಬಿಳಿ ಕಟ್ತದೆ. ಧೂಳಿಗೆ ಹೆದರಿ ಎರಡು ವಾರ ಮುಚ್ಚೇ ಇಟ್ಟಿದ್ದೆನಲ್ಲ.”

“ಅದು... ಹಾಲಲ್ವಾ?”

“ಹಾಲು ಬಿದ್ದಿದ್ರೆ ಮೂಗು ಮುಚ್ಕೊಂಡು ಓಡ್ಬೇಕಿತ್ತು ನಾವು.” ಅಜ್ಜಿ ಬಿಳಿಯನ್ನು ಸೌಟಿನಿಂದ ಬಳಿದು ತೆಗೆದು, ಕೆಳಗಿನ ಕಪ್ಪು ನೀರನ್ನು ನೆಕ್ಕಿ ನೋಡಿದಳು. “ಉಪ್ಪು ಹದವಾಗಿದೆ. ಏನೂ ಆಗಿಲ್ಲ.”

ಅವಳ ಕೈ ಅಲ್ಲೇ ನಿಂತಿತು.

“ಇಸುಲ್. ಸುರಿದದ್ದನ್ನ ನೋಡಿದೆ ಅಂದೆ.”

ಎದುರು ಮನೆಯ ತಾರಸಿಯಲ್ಲಿ ಯಾರೋ ಹಾಸಿಗೆ ಕೊಡವುತ್ತಿದ್ದರು. ದಪ್, ದಪ್.

“ನೋಡ್ಲಿಲ್ಲ,” ಎಂದಳು ಇಸುಲ್. “ಮುಚ್ಚಳ ತೆಗೆದೆ. ಬಿಳಿ ಇತ್ತು. ಅದಕ್ಕೇ ಅವಳೇ ಅಂದ್ಕೊಂಡೆ.”

“ಅಂದ್ಕೊಂಡೆಯಾ, ನೋಡಿದೆಯಾ?”

“ಅಂದ್ಕೊಂಡೆ.”

ಅಜ್ಜಿ ಬೈಯುತ್ತಾಳೆಂದು ಇಸುಲ್ ಕಾದಳು. ಅಜ್ಜಿ ಬೈಯಲಿಲ್ಲ. ಜಾಡಿಯ ಅಂಚಿಗೆ ಕೈ ಊರಿದಳು.

“ಮೊದಲು ನಿನ್ನ ಕೈ ಮೂಸಿದೆ. ಆಮೇಲೆ ಆ ಹುಡುಗೀನ ಓಡಿಸ್ದೆ,” ಎಂದು ತನಗೆ ತಾನೇ ಗೊಣಗಿಕೊಂಡಳು. “ಹೋಗು, ಅವಳನ್ನ ಕರ್ಕೊಂಡು ಬಾ. ಯಾಕೆ ಅಂತ ನೀನೇ ಹೇಳು.”

ನಾಮೂನ್ ಪುಸ್ತಕಗಳಿಗೆ ದಾರ ಕಟ್ಟುತ್ತಿದ್ದಳು. ಇಸುಲ್ ಹೊಸ್ತಿಲಲ್ಲೇ ನಿಂತಳು.

“ಅಕ್ಕ, ಜಾಡಿಯೊಳಗೆ ನೀನು ಹಾಲು ಹಾಕಿರ್ಲಿಲ್ಲ.”

“ಗೊತ್ತು,” ಎಂದಳು ನಾಮೂನ್. “ನಂಗೆ ಗೊತ್ತು.”

ಹೌದಲ್ಲ. ಇಸುಲ್‌ಳ ಕಿವಿ ಬಿಸಿಯಾಯಿತು. “ನೋಡ್ದೆ ಅಂತ ನಾನು ಸುಳ್ಳು ಹೇಳ್ದೆ. ಕ್ಷಮಿಸು.”

ನಾಮೂನ್ ದಾರದ ಗಂಟು ಬಿಗಿದಳು. ದಾರದ ತುದಿ ಕತ್ತರಿಸಿ, ನಿಧಾನಕ್ಕೆ ಅಂದಳು:

“ಆ ದಿನ ನಿನ್ನ ಕಾಲು ಕಾಣ್ತು. ಟ್ಯಾಂಕ್ ಹಿಂದೆ. ಹಸಿರು ಚಪ್ಪಲಿ.”

“ಕಾಣ್ತಾ? ಮತ್ತೆ ಯಾಕೆ ಏನೂ ಹೇಳ್ಲಿಲ್ಲ?”

“ಖುಷಿ ಆಯ್ತು. ಊರಲ್ಲಿ ತಮ್ಮ ಹಾಗೇ. ಅಮ್ಮ ಹಾಲು ಎಸೆಯುವಾಗ ಹಿಂದೆ ಬಂದು ನಿಲ್ತಾನೆ. ಕಳ್ಳ ಹಾಗೆ.”

ಇಸುಲ್ ಒಳಗೆ ಬಂದು ನೆಲದ ಮೇಲೆ ಕೂತಳು. “ಯಾಕೆ ಎಸೀತಾರೆ, ಅಕ್ಕ?”

ನಾಮೂನ್ ಅವಳ ಮುಖ ನೋಡಿದಳು. ಈ ಮನೆಯಲ್ಲಿ ಅವಳಿಗೆ ಈ ಪ್ರಶ್ನೆ ಕೇಳಿದವರು ಯಾರೂ ಇರಲಿಲ್ಲ.

“ಮೊದಲ ಹಾಲು ನಮ್ಮದಲ್ಲ. ಆಕಾಶಕ್ಕೆ. ಬೆಟ್ಟಕ್ಕೆ. ಆಮೇಲೆ... ದೂರ ಇರೋರಿಗೆ. ಅಮ್ಮ ಅಲ್ಲಿ ನನಗೆ ಎಸೀತಾಳೆ. ನಾನು ಇಲ್ಲಿ ಅಮ್ಮನಿಗೆ.” ಅವಳು ತಡೆದಳು. “ಹಾಲು ತುಂಬಾ... ತುಂಬಾ ಶುದ್ಧ. ಜಾಡಿ ಮೇಲೆ ಬಿದ್ರೆ ಅಜ್ಜಿಗೆ ಒಳ್ಳೇದಾಗ್ತದೆ ಅಂದ್ಕೊಂಡೆ.”

“ಮತ್ತೆ ಶೂ? ಶೂ ಯಾಕೆ ಕೈಯಲ್ಲಿ ಹಿಡ್ಕೋತೀಯ?”

“ಪರೀಕ್ಷೆ ಅಕ್ಕ ಮಲಗಿರ್ತಾಳೆ. ಮೆಟ್ಟಿಲು ಢಣ ಢಣ.”

ಇಸುಲ್ ಎದ್ದು ಅವಳ ಕೈ ಹಿಡಿದಳು. “ಬಾ ಅಕ್ಕ, ಅಜ್ಜಿ ಕರೀತಿದ್ದಾಳೆ.”

ಇಬ್ಬರೂ ತಾರಸಿಗೆ ಬಂದಾಗ ಅಜ್ಜಿ ಜಾಡಿಯಿಂದ ತಲೆ ಎತ್ತಲಿಲ್ಲ. ಇಸುಲ್ ಬಿಡಿಸಿ ಹೇಳಿದ್ದನ್ನೆಲ್ಲ ಹಾಗೇ ಕೇಳಿಸಿಕೊಂಡಳು.

“ನಮ್ಮತ್ತೆ ದಿನಾ ಬೆಳಗ್ಗೆ ಈ ಜಾಡಿಗಳ ಮುಂದೆ ಬಟ್ಟಲಲ್ಲಿ ನೀರಿಟ್ಟು, ಅಂಗೈ ಉಜ್ಜಿ ಉಜ್ಜಿ ಬೇಡ್ಕೋತಿದ್ರು,” ಎಂದಳು ಕೊನೆಗೆ. “ಯಾಕೆ ಅಂತ ಒಂದು ದಿನಾನೂ ನಾನು ಕೇಳ್ಲಿಲ್ಲ. ನಾಮೂನ್, ಆ ಸೂಟ್‌ಕೇಸ್ ಬಿಚ್ಚಿಡು. ರೂಮ್ ನಿನ್ನದೇ. ಹಾಲು ಎಸೆಯೋದಾದ್ರೆ ಆ ಮೂಲೆಯಿಂದ ಎಸಿ, ಗಾಳಿ ಆ ಕಡೆ ಹೋಗ್ತದೆ. ನನ್ನ ಮುಚ್ಚಳ ಮಾತ್ರ ನಂಗೆ ಬಿಡು.”

ನಾಮೂನ್‌ಗೆ ಅಷ್ಟೂ ಅರ್ಥವಾಯಿತೋ ಇಲ್ಲವೋ. ಸೂಟ್‌ಕೇಸ್ ಅನ್ನುವುದು ಅರ್ಥವಾಯಿತು. ಮೂರು ಸಲ ತಲೆಬಾಗಿದಳು.

“ಸಾಕು ಸಾಕು, ಸೊಂಟ ಹಿಡ್ಕೊಂಡೀತು. ತೋಳು ಮಡಚು. ಈ ಉಂಡೆಗಳನ್ನ ಹಿಸುಕು, ಹೀಗೆ.”

ಇಸುಲ್ ತನ್ನ ಕೈಗಳನ್ನು ನೋಡಿಕೊಂಡಳು. ಅಜ್ಜಿಯೂ ನೋಡಿದಳು.

“ನೀನು ಸೋಸೋ ಬಟ್ಟೆ ಹಿಡ್ಕೋ. ಕೈ ಹಾಕೋದು ಮುಂದಿನ ವರ್ಷ.”

“ಹೂಂ,” ಎಂದಳು ಇಸುಲ್. ಬಟ್ಟೆಯ ಎರಡು ತುದಿಗಳನ್ನು ಗಟ್ಟಿಯಾಗಿ ಹಿಡಿದಳು.

ನಾಮೂನ್ ಮೊಣಕೈವರೆಗೂ ಉಂಡೆಗಳೊಳಗೆ ಕೈ ಹಾಕಿ ಹಿಸುಕತೊಡಗಿದಳು. ಜಾಂಗಿನ ಗಾಢ ವಾಸನೆ ತಾರಸಿಯ ತುಂಬ ಹರಡಿತು. ಅಜ್ಜಿ ಆಚೆ ತಿರುಗಿ ಕಪ್ಪು ನೀರನ್ನು ಸೌಟಿನಲ್ಲಿ ಎತ್ತಿ ಸೋಸುತ್ತಿದ್ದಳು.

“ಇಸುಲ್, ಅವಳ ಮುಖ ಹೇಗಿದೆ ನೋಡೇ. ನಮ್ಮ ಜಾಂಗಿನ ವಾಸನೆಗೆ ಓಡಿಹೋಗೋ ಹಾಗಿದ್ದಾಳಾ?”

ಇಸುಲ್ ನೋಡಿದಳು. ನಾಮೂನ್‌ಳ ಮೂಗು ಸುಕ್ಕುಗಟ್ಟಿತ್ತು. ಕಣ್ಣು ಒದ್ದೆಯಾಗಿತ್ತು. ವಾಸನೆಗೇ ಇರಬಹುದು. ಎದುರಿನ ಬಿಸಿಲಿಗೂ ಇರಬಹುದು. ಬೋಳು ಗುಡ್ಡದ ನೆನಪಿಗೂ ಇರಬಹುದು. ಮೂರು ಉತ್ತರಗಳೂ ಅವಳ ನಾಲಿಗೆಯ ತುದಿಗೇ ಬಂದಿದ್ದವು.

“ಅಕ್ಕ ಇಲ್ಲೇ ಇದ್ದಾಳಲ್ಲ, ಅಜ್ಜಿ,” ಎಂದಳು. “ಅವಳನ್ನೇ ಕೇಳು.”

ಅಜ್ಜಿ ತಿರುಗಿದಳು. ನಾಮೂನ್ ಮುಖ ಎತ್ತಿ, ಬಾಯಿ ತೆರೆದು, ಪದ ಹುಡುಕತೊಡಗಿದಳು. ಹೊತ್ತು ಹಿಡಿಯಿತು. ಅಜ್ಜಿಯ ಸೌಟಿನಿಂದ ಕಪ್ಪು ಹನಿಗಳು ಒಂದೊಂದಾಗಿ ಜಾಡಿಗೆ ಬೀಳುತ್ತಿದ್ದವು. ಇಸುಲ್ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಕಾದಳು.